ಕೊಕ್ಕಡದ ಗೇರು ತೋಟಗಳು, ಎಂಡೋಸಲ್ಫಾನ್ ಮತ್ತು ಆರೈಕೆ: ಅರ್ಜಿದಾರರ ಮಾಹಿತಿಗಾಗಿ

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಹಾಗೂ ಸುತ್ತಲಿನ ಗ್ರಾಮಗಳ ಎಂಡೋಸಲ್ಫಾನ್ ಸಂತ್ರಸ್ತರಿಗೆ ಸರ್ಕಾರವು ಮಾಸಾಶನ ಮತ್ತು ಚಿಕಿತ್ಸಾ ಸೌಲಭ್ಯವನ್ನು ಮಂಜೂರು ಮಾಡಿರುತ್ತದೆ. ಈ ಸೌಲಭ್ಯದ ಹಿನ್ನೆಲೆಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಗೇರು ಈ ನೆಲದ ಮೂಲ ವೃಕ್ಷವಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಬ್ರೆಜಿಲ್‌ನಿಂದ ಪಶ್ಚಿಮ ಕರಾವಳಿಗೆ ತಂದರು. ಪಪ್ಪಾಯಿಯನ್ನು ನಾವು ಪರಂಗಿ ಹಣ್ಣು ಎನ್ನುವಂತೆ, ನೆರೆಯ ಮಲಯಾಳಿಗರು ಗೇರನ್ನು ಪರಂಗಿ ಮಾವು ಎನ್ನುತ್ತಾರೆ. ಬ್ರಿಟಿಷರ ಆಳ್ವಿಕೆಯಲ್ಲಿ ಗೇರುಬೀಜವು ಮಂಗಳೂರಿನಿಂದ ಹೊರದೇಶಗಳಿಗೆ ರಫ್ತಾಗುವ ಸರಕಾಯಿತು. ಸ್ವಾತಂತ್ರ್ಯಾನಂತರವೂ ವಿದೇಶಿ ವಿನಿಮಯದ ದೃಷ್ಟಿಯಿಂದ ಅದೇ ಮಾರ್ಗವನ್ನು ಮುಂದುವರಿಸಲಾಯಿತು. ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳಲ್ಲಿ ಟೀ ಸೊಳ್ಳೆ ಎಂಬ ಕೀಟದ ಹತೋಟಿಗಾಗಿ 1980ರ ದಶಕದಿಂದ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಪಿನ ಮಗ್ಗುಲಲ್ಲಿಯೇ ಮನೆ, ಬಾವಿ, ತೋಡುಗಳಿದ್ದವು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ನಿಷೇಧಿತ ಪಟ್ಟಿಗೆ ಈ ವಿಷವನ್ನು ಸೇರಿಸಲು ನಿರ್ಧರಿಸಲಾಯಿತು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ಉತ್ಪಾದನೆ ಹಾಗೂ ಮಾರಾಟವನ್ನು ತಡೆಹಿಡಿಯಿತು.

ಮಗು ನಡೆಯದಿದ್ದಾಗ, ಮಾತು ಬಾರದಿದ್ದಾಗ ತುಳುನಾಡಿನ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ನಾಗದೋಷವೋ, ದೈವದ ಮುನಿಸೋ ಎಂಬುದು. ಕೊಕ್ಕಡದ ಗ್ರಾಮದೇವರೇ ವೈದ್ಯನಾಥೇಶ್ವರನಾಗಿರುವಾಗ ಹರಕೆ ಹೊರುವುದು ಸಹಜವೇ. ಹರಕೆಗೂ ಚಿಕಿತ್ಸೆಗೂ ವಿರೋಧವಿಲ್ಲ. ಆದರೆ ದೋಷವನ್ನು ತಾಯಿಯ ಮೇಲೆ ಹೊರಿಸುವುದು, ಒಡಹುಟ್ಟಿದವರ ಮದುವೆಗೆ ಅಡ್ಡಿಯಾದೀತೆಂದು ಮಗುವನ್ನು ತಪಾಸಣೆಗೆ ತಾರದಿರುವುದು ಸರಿಯಲ್ಲ. ಸಿಂಪಡಣೆ ಆಕಾಶದಿಂದ ಬಂದದ್ದು, ಮನೆತನದಿಂದಲ್ಲ.

ಆರೈಕೆಯ ಭೂಪಟವೂ ಹಳೆಯದೇ. ಜರ್ಮನ್ ಪಾದ್ರಿ ಫಾದರ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಔಷಧಾಲಯ ತೆರೆದರು. ಜಿಲ್ಲಾಸ್ಪತ್ರೆಯು ಇಂದಿಗೂ ಮದ್ರಾಸಿನ ಗವರ್ನರರಾಗಿದ್ದ ವೆನ್ಲಾಕ್ ಅವರ ಹೆಸರಿನಲ್ಲಿದೆ. ಎರಡೂ ಬಂದರು ಪಟ್ಟಣದಲ್ಲಿವೆ. ಹಾಸಿಗೆ ಹಿಡಿದವರನ್ನು ಘಟ್ಟದ ಬುಡದಿಂದ ಅಲ್ಲಿಗೆ ಒಯ್ಯುವುದು ಸುಲಭವಲ್ಲ. ಈ ಕಾರಣದಿಂದಲೇ ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರವನ್ನು ತೆರೆಯಲಾಯಿತು.

ಮಾಸಾಶನವನ್ನು ಅಂಗವೈಕಲ್ಯದ ಶೇಕಡಾ ಪ್ರಮಾಣದ ಆಧಾರದಲ್ಲಿ ನಿಗದಿಪಡಿಸಲಾಗುತ್ತದೆ. ಮೊತ್ತವು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಟ್ಟಿರುವುದರಿಂದ ಚಾಲ್ತಿಯಲ್ಲಿರುವ ದರವನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಪಟ್ಟಿಯಲ್ಲಿ ಹೆಸರಿಲ್ಲದವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಾಸಸ್ಥಳದ ದಾಖಲೆ ಹಾಗೂ ಹಳೆಯ ಚಿಕಿತ್ಸಾ ಚೀಟಿಗಳೊಂದಿಗೆ ವೈದ್ಯಕೀಯ ತಪಾಸಣೆಗಾಗಿ ಕೋರಿಕೆ ಸಲ್ಲಿಸಬಹುದು. ರೋಗಿಯು ನಡೆಯಲಾರದ ಸ್ಥಿತಿಯಲ್ಲಿದ್ದಲ್ಲಿ ಅದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು.