ಗೆದ್ದರೆ ಕಾಸಿಲ್ಲ, ಗುದ್ದಿದರೆ ಮನೆಗೆ!

ತೆರೆಯ ಮೇಲೆ ಹೀರೋ ಕಾರು ಹಾರಿಸಿದರೆ ಸೀಟಿ ಹೊಡೆಯುತ್ತೀರಿ. ಬಂಡೆಗೆ ಗುದ್ದಿ ಕಾರು ಉರಿದುಹೋದರೂ ಚಿಂತೆಯಿಲ್ಲ, ನಿರ್ಮಾಪಕ ಇನ್ನೊಂದು ತರಿಸುತ್ತಾನೆ! ಆದರೆ ಅಮೆರಿಕದಲ್ಲಿ ಒಂದು ರೇಸ್ ಇದೆ. ಅಲ್ಲಿ ಡ್ಯೂಪ್ ಇಲ್ಲ, ರೀಟೇಕ್ ಇಲ್ಲ. ಸ್ವಂತ ಕಾರು, ಸ್ವಂತ ದುಡ್ಡು, ಸ್ವಂತ ಪ್ರಾಣ!

ಅದೇ ಹಳೆಯ ಸ್ಪೋರ್ಟ್ಸ್ ಕಾರುಗಳ ರೇಸ್. ನಡೆಸುವವರು ಆಯಾ ಪ್ರಾಂತ್ಯದ ಕ್ಲಬ್ಬಿನವರು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 1968ರಲ್ಲಿ ಹುಟ್ಟಿದ 'ಕ್ಲಾಸಿಕ್ ಸ್ಪೋರ್ಟ್ಸ್ ರೇಸಿಂಗ್ ಗ್ರೂಪ್' ಅಂಥದ್ದೊಂದು. ವಾರವಿಡೀ ತಮ್ಮ ಕಸುಬು ನೋಡಿಕೊಳ್ಳುವವರು ಶನಿವಾರ, ಭಾನುವಾರ ಹೆಲ್ಮೆಟ್ ಏರಿಸುತ್ತಾರೆ. ಎಂ.ಜಿ., ಟ್ರಯಂಫ್, ಆಲ್ಫಾ ರೋಮಿಯೋ, ಪೋರ್ಷೆ... ಒಂದಕ್ಕಿಂತ ಒಂದು ಸುಂದರಿ! ಪ್ರವೇಶ ಶುಲ್ಕ ಕಟ್ಟಿ ಓಡಿಸಬೇಕು. ಗೆದ್ದವನಿಗೆ ನಗದು ಬಹುಮಾನವೇನೂ ಇಲ್ಲ.

ಸ್ಟಾರ್‌ಗಳಿಗೂ ಈ ಹವ್ಯಾಸಿ ರೇಸಿನ ಹುಚ್ಚು ಹಿಡಿದದ್ದುಂಟು. ಪಾಲ್ ನ್ಯೂಮನ್ ಹೆಸರು ಕೇಳಿದ್ದೀರಲ್ಲ? 1969ರ 'ವಿನ್ನಿಂಗ್' ಚಿತ್ರದಲ್ಲಿ ರೇಸ್ ಡ್ರೈವರ್ ಪಾತ್ರ. ಅಲ್ಲಿ ಅಂಟಿದ ಗೀಳು ಕೊನೆಗೂ ಬಿಡಲಿಲ್ಲ. 47ರ ವಯಸ್ಸಿನಲ್ಲಿ, 1972ರಲ್ಲಿ, ನಿಜವಾದ ಟ್ರ್ಯಾಕಿಗೇ ಇಳಿದರು. ಸ್ಟಾರ್‌ಗಿರಿ ಬೇಡವೆಂದು ಬರೆಸಿದ ಹೆಸರು ಬರೀ 'ಪಿ.ಎಲ್. ನ್ಯೂಮನ್'! 1976ರಲ್ಲಿ ಟ್ರಯಂಫ್ ಟಿಆರ್6 ಓಡಿಸಿ ತಮ್ಮ ವರ್ಗದಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಚಾಂಪಿಯನ್ ಆದರು. ನ್ಯೂಮನ್ 2008ರಲ್ಲಿ ತೀರಿಕೊಂಡರು. ಅಂದು ಹೊಸದಾಗಿದ್ದ ಆ ಮಾದರಿಯ ಕಾರು ಇಂದು ಹಳೆಯ ಕಾರುಗಳ ಸಾಲಿನಲ್ಲಿ ಗುಡುಗುತ್ತಿದೆ.

ಗುಡುಗುವುದೇನೋ ಸರಿ, ನಿಲ್ಲಬೇಕಲ್ಲ? ಎಷ್ಟೋ ಹಳೆಯ ಕಾರುಗಳದ್ದು ಡ್ರಮ್ ಬ್ರೇಕು. ಮತ್ತೆ ಮತ್ತೆ ತುಳಿದರೆ ಕಾದು ಹಿಡಿತ ಸಡಿಲವಾಗುತ್ತದೆ. ಗುದ್ದಿದರೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಕೆಲವನ್ನು ಹೊಸದಾಗಿ ಮಾಡಿಸಿಯೇ ಹಾಕಬೇಕು.

ಪ್ರಾಣದ ಮಾತಂತೂ ಕೇಳಲೇಬೇಡಿ. ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಊರಿನಲ್ಲಿ 1948ರಿಂದ ಹವ್ಯಾಸಿಗಳು ಊರ ಬೀದಿಯಲ್ಲೇ ರೇಸ್ ಓಡಿಸುತ್ತಿದ್ದರು. 1952ರಲ್ಲಿ ಕಾರು ಬಡಿದು, ನೋಡಲು ಬಂದಿದ್ದ 7 ವರ್ಷದ ಹುಡುಗ ಸತ್ತ. ಊರ ನಡುವಿನ ರೇಸ್ ಅಲ್ಲಿಗೇ ನಿಂತಿತು.

ಆದ್ದರಿಂದಲೇ ಇಂದು ಕ್ಲಬ್ಬುಗಳ ಕಟ್ಟುನಿಟ್ಟು! ಅನೇಕ ಕಡೆ '13/13' ಎಂಬ ನಿಯಮವಿದೆ. ತಪ್ಪು ನಿನ್ನದೆಂದು ತೀರ್ಮಾನವಾಯಿತೋ, ಗಂಟುಮೂಟೆ ಕಟ್ಟು, ಮನೆಗೆ ನಡಿ! ಮುಂದಿನ 13 ತಿಂಗಳು ನಿನ್ನ ಮೇಲೊಂದು ಕಣ್ಣು. ಅಷ್ಟರಲ್ಲಿ ಮತ್ತೆ ತಪ್ಪಿದರೆ 13 ತಿಂಗಳು ರೇಸಿನಿಂದಲೇ ಹೊರಗೆ!

ಹಾಗಾದರೆ ಗೆಲ್ಲುವ ಆಸೆಯೇ ಇಲ್ಲವೇ? ಇಲ್ಲದೆ ಏನು! ತಿರುವಿನಲ್ಲಿ ಎದುರಾಳಿ ಪಕ್ಕಕ್ಕೇ ಬಂದಾಗ ಕಾಲು ಆಕ್ಸಿಲರೇಟರ್ ಒತ್ತಲು ತವಕಿಸುತ್ತದೆ. ಆ ಗಳಿಗೆಯಲ್ಲಿ ಜಾಗವಿಲ್ಲವೆಂದು ತಿಳಿದು ಕಾಲು ತೆಗೆಯಬಲ್ಲವನೇ ಗಂಡು. ಸಂಜೆ ಒಂದು ಗೀರೂ ಬೀಳದ ಕಾರನ್ನು ಟ್ರೈಲರ್ ಮೇಲೆ ಹತ್ತಿಸಿ ಹೊರಟವನೇ ಅಲ್ಲಿನ ಹೀರೋ.

ಏನಂತೀರಿ?