ಕೆರೆಗೆ ನೀರಗಂಟಿ ಬೇಕು, ಫೋನಿನ ಕನ್ನಡಕ್ಕೆ ಬೇಡವೇ?

ಕೃಷ್ಣರಾಜಪೇಟೆ: ಮೊನ್ನೆ ಇಲ್ಲಿನ ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಒಂದು ಪಜೀತಿ ನಡೆಯಿತು. ಹಳ್ಳಿಯ ಹಿರಿಯರೊಬ್ಬರು ಊರಹಬ್ಬದ ಚಂದಾ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಹಿಡಿದುಕೊಂಡು ಬಂದಿದ್ದರು. ಹನ್ನೆರಡು ವರ್ಷದ ಲೆಕ್ಕ. ಯಾವ ಮನೆಯಿಂದ ಎಷ್ಟು ಬಂತು, ಬಾಕಿ ಯಾರದು, ಎಲ್ಲ ಅದರೊಳಗೆ. ಅಂಗಡಿಯ ಹುಡುಗ ಹೊಸ ಕಂಪ್ಯೂಟರಿಗೆ ಚುಚ್ಚಿ ತೆರೆದ. ಕನ್ನಡದ ಒಂದಕ್ಷರವೂ ಇಲ್ಲ! ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಕೊಂಬು ಬಾಲದ ಚಿಹ್ನೆಗಳ ಕಲಸುಮೇಲೋಗರ.

“ಏನ್ಲಾ ಮಗ ಇದು? ದೇವ್ರು ದುಡ್ಡಿನ ಲೆಕ್ಕ ಕಣ್ಲಾ!” ಹಿರಿಯರ ಮುಖ ಬಾಡಿತು.

“ಲೆಕ್ಕ ಎಲ್ಲೂ ಹೋಗಿಲ್ಲ ತಾತ. ಅಕ್ಷರ ಹಳೇದು ಅಷ್ಟೆ, ಕೂತ್ಕಳಿ” ಎಂದ ಹುಡುಗ. ಕಡತವನ್ನು ಒಂದು ಪರಿವರ್ತಕಕ್ಕೆ ಕೊಟ್ಟ. ಟೀ ಬರುವಷ್ಟರಲ್ಲಿ ಪಟ್ಟಿ ಅಚ್ಚಗನ್ನಡದಲ್ಲಿ ಕಣ್ಮುಂದೆ ನಿಂತಿತು. ಹುಡುಗ ಪ್ರಿಂಟಿನ ದುಡ್ಡು ಎಣಿಸಿಕೊಂಡ. ಆ ಪರಿವರ್ತಕ ಬರೆದವರಿಗೆ ಏನು ಸಿಕ್ಕಿತು? ಒಂದು ಬಿಡಿಗಾಸೂ ಇಲ್ಲ. ಇವತ್ತಿನ ವಿಷಯ ಅದೇ.

ಗೇಣಿ ಜಮೀನಿನಲ್ಲಿ ಕನ್ನಡ

ಮೊದಲು ಈ ಪಜೀತಿ ಯಾಕಾಯಿತು ನೋಡೋಣ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಜಮೀನಿಗೆ ಸರ್ವೆ ನಂಬರ್ ಇದ್ದ ಹಾಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಬೇಕು. ಹಳೆಯ ಕನ್ನಡ ತಂತ್ರಾಂಶಗಳು ಬಂದ ಕಾಲದಲ್ಲಿ ನಮ್ಮ ಅಕ್ಷರಗಳಿಗೆ ಸ್ವಂತ ಸಂಖ್ಯೆಯ ಬಳಕೆ ಇರಲಿಲ್ಲ. ಇಂಗ್ಲಿಷಿನ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸಿದರು. ಒಂದು ರೀತಿಯಲ್ಲಿ ಗೇಣಿ ಬೇಸಾಯ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಕಾಗೆ ಗುಬ್ಬಿ ಕಾಲು.

1991ರಲ್ಲಿ ಬಂದ ಯೂನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ಕನ್ನಡಕ್ಕೆ ಸ್ವಂತ ಖಾತೆ ಸಿಕ್ಕಿತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಅಮೆರಿಕದಲ್ಲಿ ತೆರೆದರೂ ಅದು ‘ಕ’, ಆನೆಗೊಳದಲ್ಲಿ ತೆರೆದರೂ ‘ಕ’. ಆದರೆ ಅಷ್ಟರಲ್ಲಿ ನಾಡಿನ ಕಡತಗಳೆಲ್ಲ ಗೇಣಿ ಜಮೀನಿನಲ್ಲಿ ತುಂಬಿ ಹೋಗಿದ್ದವು. ಅವನ್ನು ಸ್ವಂತ ಖಾತೆಗೆ ವರ್ಗಾಯಿಸುವವರು ಯಾರು?

ಆ ಕೆಲಸಕ್ಕೆ ಕೈ ಹಾಕಿದವರಲ್ಲಿ ಒಬ್ಬರು ಅರವಿಂದ ವಿ.ಕೆ. ಎಂಬ ಕನ್ನಡಿಗ ತಂತ್ರಜ್ಞರು. ಪರಿವರ್ತಕ ಬರೆದು, ಅದರ ಒಳಗನ್ನೂ ಎಲ್ಲರಿಗೂ ಬಿಚ್ಚಿಟ್ಟರು. ಕೆಲಸ ಸುಲಭದ್ದಲ್ಲ. ‘ಕರ್ನಾಟಕ’ ಎಂಬ ಒಂದೇ ಪದ ತೆಗೆದುಕೊಳ್ಳಿ. ಹಳೆಯ ಬಗೆಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ‘ನಾ’ ಆದ ಮೇಲೆ ಕೂರುತ್ತದೆ. ಯೂನಿಕೋಡಿನಲ್ಲಿ ಬಾಯಿ ಉಚ್ಚರಿಸುವ ಹಾಗೆ ‘ರ್’ ಮೊದಲು, ‘ನಾ’ ಆಮೇಲೆ. ಒತ್ತಕ್ಷರ, ಗುಣಿತಗಳಲ್ಲೂ ಇಂಥ ತೊಡಕು ಬೇಕಾದಷ್ಟಿದೆ. ಒಂದೊಂದನ್ನೂ ಕೂತು ಬಿಡಿಸಬೇಕು. ‘ಗುಬ್ಬಿ’, ಕೈಬರಹದ ಹಾಗಿರುವ ‘ನವಿಲು’ ಎಂಬ ಎರಡು ಕನ್ನಡ ಫಾಂಟುಗಳನ್ನೂ ಇವರೇ ಮಾಡಿ ನಾಡಿಗೆ ಬಿಟ್ಟಿದ್ದಾರೆ.

ಬೀಗ ಹಾಕದ ತಂತ್ರಾಂಶ

ಬಿಟ್ಟಿ ಸಿಕ್ಕಿದ್ದೆಲ್ಲ ಇದೇ ಜಾತಿ ಅಂತ ತಿಳಿಯಬೇಡಿ. ಹೋಟೆಲಿನವರು ಒಂದು ದಿನ ಸಾಂಬಾರು ಪುಕ್ಕಟೆ ಬಡಿಸಬಹುದು, ಮಾಡುವ ಬಗೆ ಹೇಳಲಿಕ್ಕಿಲ್ಲ. ಮುಕ್ತ ತಂತ್ರಾಂಶದಲ್ಲಿ ಮಾಡುವ ಬಗೆಯನ್ನೂ ಬರೆದು ಗೋಡೆಗೆ ಅಂಟಿಸಿರುತ್ತಾರೆ. ಯಾರಾದರೂ ನೋಡಬಹುದು, ಉಪ್ಪು ಹುಳಿ ತಿದ್ದಬಹುದು, ಹಂಚಬಹುದು. ಕೆಲವು ಪರವಾನಗಿಗಳಲ್ಲಿ ಒಂದು ಕಟ್ಟಳೆ ಉಂಟು: ತಿದ್ದಿ ಹಂಚುವವನು ತಾನೂ ಒಳಗನ್ನು ಮುಚ್ಚಿಡಬಾರದು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಈ ಚಳವಳಿಗೆ ನಾಂದಿ ಹಾಡಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಹೊರತಂದರು. ನಮಗೇನು ಸ್ವಾಮಿ ಅದರಿಂದ ಅನ್ನುತ್ತೀರಾ? ನಿಮ್ಮ ಜೇಬಿನಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ತಳಪಾಯವೇ ಲಿನಕ್ಸ್.

ಕನ್ನಡದಲ್ಲೂ ಈ ಗುಣದವರಿಗೆ ಬರವಿಲ್ಲ. ನಾವು ಕಂಪ್ಯೂಟರಿನಲ್ಲಿ ಬಳಸುವ ಕನ್ನಡ ಕೀಲಿಮಣೆ ವಿನ್ಯಾಸವನ್ನು ಕೆ.ಪಿ. ರಾವ್ ಅವರು ಹಣ ಕೇಳದೆ ಬಿಟ್ಟುಕೊಟ್ಟರು. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ತಂಡ ಸುಮಾರು 20 ಸಾವಿರ ವಚನಗಳನ್ನು ಪದ ಹಾಕಿ ಹುಡುಕುವಂತೆ ಮಾಡಿತು. ಕಿಕ್ಕೇರಿಯ ನರಸಿಂಹಸ್ವಾಮಿಯವರ ಹೆಸರನ್ನೋ ಮೇಲುಕೋಟೆಯ ಪು.ತಿ.ನ. ಅವರ ಹೆಸರನ್ನೋ ಬಸ್ಸಿನಲ್ಲಿ ಕೂತು ಕನ್ನಡದಲ್ಲೇ ಒತ್ತಿ ಹುಡುಕುತ್ತೀರಲ್ಲ, ಅದರ ಹಿಂದೆ ಇಂಥ ಎಷ್ಟೋ ಜನರ ಕೈ ಇದೆ.

ನೀರಗಂಟಿಯ ಪಾಡು

ತಂತ್ರಾಂಶ ಬರೆದುಬಿಟ್ಟರೆ ಮುಗಿಯಿತೇ? ಕೆರೆ ಕಟ್ಟಿಸಿದರೆ ಮುಗಿಯಿತೇ ಅಂತ ಕೇಳಿದ ಹಾಗಾಯಿತು. ಪಾಂಡವಪುರದವರಿಗೆ ತೊಣ್ಣೂರು ಕೆರೆ ಗೊತ್ತು, ಶ್ರೀರಂಗಪಟ್ಟಣದವರಿಗೆ ಬಂಗಾರದೊಡ್ಡಿ ನಾಲೆ ಗೊತ್ತು, ನಮಗೆ ಹೇಮಗಿರಿ ನಾಲೆ. ನಾಗಮಂಗಲದವರಿಗಂತೂ ಕೆರೆಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಹೂಳೆತ್ತದಿದ್ದರೆ, ತೂಬು ನೋಡದಿದ್ದರೆ, ಏರಿಯ ಬಿಲ ಮುಚ್ಚದಿದ್ದರೆ ಎಂಥ ಕೆರೆಯೂ ಉಳಿಯದು.

ತಂತ್ರಾಂಶಕ್ಕೂ ನೀರಗಂಟಿ ಬೇಕು. ಫೋನು ಬದಲಾಗುತ್ತದೆ, ಹೊಸ ವಿಂಡೋಸ್ ಬರುತ್ತದೆ, ನಿನ್ನೆ ನಡೆಯುತ್ತಿದ್ದದ್ದು ಇವತ್ತು ನಿಲ್ಲುತ್ತದೆ. ಊರೂರಿಂದ ದೂರು ಬರುತ್ತದೆ. ‘ಇದನ್ನು ಸೇರಿಸಿ’ ಅಂತ ತಿದ್ದುಪಡಿ ಕಳಿಸುವವರೂ ಇರುತ್ತಾರೆ. ಪ್ರತಿಯೊಂದನ್ನೂ ಓದಿ, ಪರೀಕ್ಷಿಸಿ, ಒಪ್ಪಬೇಕು ಇಲ್ಲವೇ ಒಲ್ಲೆ ಎನ್ನಬೇಕು. ಒಳ್ಳೆಯ ಮನಸ್ಸಿನಿಂದಲೇ ತೋಡಿದ ಗಂಡಿಯಿಂದಲೂ ಏರಿ ಒಡೆಯಬಹುದಲ್ಲ! ಇದೆಲ್ಲ ಬಹಳ ಮಂದಿಗೆ ಹೊಟ್ಟೆಪಾಡಿನ ಕೆಲಸ ಮುಗಿಸಿ ರಾತ್ರಿ ಮಾಡುವ ಚಾಕರಿ. ಅಷ್ಟಾದರೂ ಬರುವ ಪತ್ರ ಎಂಥದು? “ಇನ್ನೂ ಸರಿ ಮಾಡಿಲ್ವಾ? ಏನ್ ಮಾಡ್ತಿದೀರ?”

ಅರ್ಧ ಸೆಕೆಂಡು ಕಾಪಾಡಿತು

ನೀರಗಂಟಿ ಸೋತರೆ ಏನಾಗುತ್ತದೆ ಎಂಬುದಕ್ಕೆ 2024ರಲ್ಲಿ ಒಂದು ಉದಾಹರಣೆ ಸಿಕ್ಕಿತು. ಕಡತಗಳನ್ನು ಹಿಂಡಿ ಚಿಕ್ಕದು ಮಾಡುವ ‘ಎಕ್ಸ್‌ಝಡ್’ ಎಂಬ ಸಣ್ಣ ತಂತ್ರಾಂಶ ಲೋಕದ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳಲ್ಲಿದೆ. ಅದನ್ನು ಫಿನ್‌ಲೆಂಡಿನ ಒಬ್ಬ ಮನುಷ್ಯ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ, ಬಹಳ ವರ್ಷದಿಂದ ನೋಡಿಕೊಳ್ಳುತ್ತಿದ್ದ. 2022ರಲ್ಲಿ ಆತ ತನ್ನ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ ತೋಡಿಕೊಂಡಿದ್ದ. ಆದರೂ ಕೆಲವರು ‘ನಿಧಾನವಾಯಿತು, ಬೇರೆಯವರಿಗೆ ಬಿಡು’ ಎಂದು ಪೀಡಿಸಿದರು. ಆಗ ಜಿಯಾ ಟಾನ್ ಎಂಬ ಹೆಸರಿನವರು ನೆರವಿಗೆ ನಿಂತು, ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು. ಕೊನೆಗೆ ತೂಬಿನ ಕೈ ಅವರ ಕೈಗೆ ಬಂತು. 2024ರ ಮೊದಲಲ್ಲಿ ಅದರೊಳಗೆ ಕಳ್ಳಕಿಂಡಿಯೊಂದು ಸೇರಿತು. ಅದರಿಂದ ದೂರದ ಕಂಪ್ಯೂಟರಿಗೆ ಬೀಗವಿಲ್ಲದೆ ನುಗ್ಗಬಹುದಿತ್ತು.

ಮೈಕ್ರೋಸಾಫ್ಟಿನ ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ತಮ್ಮ ಕಂಪ್ಯೂಟರಿನ ಬಾಗಿಲು ತೆರೆಯಲು ಅರ್ಧ ಸೆಕೆಂಡು ಹೆಚ್ಚಿಗೆ ಹಿಡಿಯುತ್ತಿದೆ ಅನ್ನಿಸಿತು. ಜಾಡು ಹಿಡಿದು ಹೋದರು. ಮಾರ್ಚ್ 29ರಂದು ಗುಟ್ಟು ರಟ್ಟಾಯಿತು. ಹೆಚ್ಚು ಕಡೆಗೆ ಹರಡುವ ಮುಂಚೆಯೇ ಸಿಕ್ಕಿಬಿದ್ದದ್ದು ಪುಣ್ಯ. ಒಳಗು ತೆರೆದಿದ್ದರಿಂದಲೇ ಜಾಡು ಹಿಡಿಯಲು ಆಯಿತು ಎಂಬುದು ಸರಿ. ಆದರೆ ಒಬ್ಬನ ಹೆಗಲ ಮೇಲೆ ಊರ ಭಾರ ಹೊರಿಸಿ ಎಲ್ಲರೂ ಮಲಗಿದ್ದರು ಎಂಬುದೂ ಅಷ್ಟೇ ಸರಿ.

ಆಯ ಕೊಡುವುದು ಹೇಗೆ?

ನಮ್ಮ ಹಿರಿಯರು ದಡ್ಡರಲ್ಲ. ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ನೀರಗಂಟಿಯೂ ಒಬ್ಬ. ಸುಗ್ಗಿಯಲ್ಲಿ ರಾಶಿ ಮನೆಗೆ ಹೋಗುವ ಮುಂಚೆ ಕಣದಲ್ಲೇ ಅವನ ಪಾಲು ಅಳೆಯುತ್ತಿದ್ದರು. ಅದು ಭಿಕ್ಷೆಯಲ್ಲ, ಹಕ್ಕು.

ಇಲ್ಲೂ ಆಯ ಕೊಡಬಹುದು, ಅದೂ ದುಡ್ಡೇ ಆಗಬೇಕೆಂದಿಲ್ಲ. ತಪ್ಪು ಕಂಡರೆ ಬೈಯುವ ಬದಲು ಸರಿಯಾಗಿ ತಿಳಿಸಿ: ಯಾವ ಪದ ಕೊಟ್ಟಿರಿ, ಏನು ಬರಬೇಕಿತ್ತು, ಏನು ಬಂತು, ಯಾವ ಫೋನು. ಇಷ್ಟು ಬರೆದರೆ ಅರ್ಧ ಕೆಲಸ ನೀವೇ ಮಾಡಿದ ಹಾಗೆ. ಇಂಗ್ಲಿಷ್ ಬಲ್ಲವರು ಮೆನುಗಳನ್ನು ಕನ್ನಡ ಮಾಡಿಕೊಡಿ. ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುವುದು ಇಂಥ ಸ್ವಯಂಸೇವಕರ ದೆಸೆಯಿಂದಲೇ. ಕನ್ನಡ ಮೇಷ್ಟ್ರುಗಳು ಕಾಗುಣಿತ ತಿದ್ದಬಹುದು. ಕೆ.ಆರ್. ಪೇಟೆಯಲ್ಲೂ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೂ ಇಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ. ಅವರು ಒಂದು ಸಣ್ಣ ತಿದ್ದುಪಡಿ ಕಳಿಸಿ, ‘ಸರಿಯಿಲ್ಲ’ ಎಂದು ವಾಪಸು ಬಂದರೆ ಬೇಸರಪಡದೆ ಮತ್ತೆ ಕಳಿಸಲಿ. ಪಾಠ ಅಲ್ಲಿದೆ. ಇದರಿಂದ ದಿನಾ ಸಂಪಾದಿಸುವ ಅಂಗಡಿಯವರು ವರ್ಷಕ್ಕೊಮ್ಮೆ ದೇಣಿಗೆ ಕಳಿಸಿದರೆ ತಪ್ಪೇನಿಲ್ಲ.

ಡಿಟಿಪಿ ಅಂಗಡಿಯಿಂದ ಹೊರಡುವಾಗ ಆ ಹಿರಿಯರು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, “ಇದ ಮಾಡ್ದೋರು ಯಾವೂರ್ನೋರ್ಲಾ? ಹಬ್ಬಕ್ಕೆ ಕರೀಬೇಕಲ್ಲ” ಎಂದರು. ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಅವತ್ತಿನವರೆಗೆ ಈ ವರದಿಗಾರನಿಗೂ ಗೊತ್ತಿರಲಿಲ್ಲ.