ಪ್ರವಾಸದ ಕೊನೆಯ ದಿನ: ಲಕ್ಕುಂಡಿ, ಮುಳಗುಂದ, ಲಕ್ಷ್ಮೇಶ್ವರ

ಬೇಸಿಗೆ ರಜೆ ಬಂತೆಂದರೆ ಶ್ರಾವಕ ಕುಟುಂಬಗಳು ಒಟ್ಟುಗೂಡಿ ಬಸ್ಸು ಮಾಡಿಕೊಂಡು ಉತ್ತರ ಕರ್ನಾಟಕದ ಪ್ರಾಚೀನ ಕ್ಷೇತ್ರಗಳ ದರ್ಶನಕ್ಕೆ ಹೊರಡುವುದು ರೂಢಿ. ದಾರಿ ಬಹುಪಾಲು ನದಿಗಳನ್ನೇ ಹಿಡಿದು ಸಾಗುತ್ತದೆ. ಮಲಪ್ರಭೆಯ ಸೀಮೆಯಲ್ಲಿ ರವಿಕೀರ್ತಿ 634ರಲ್ಲಿ ಕಟ್ಟಿಸಿದ ಐಹೊಳೆಯ ಮೇಗುತಿ ಜಿನಾಲಯ, ಪಟ್ಟದಕಲ್ಲಿನ ರಾಷ್ಟ್ರಕೂಟರ ಕಾಲದ ಜೈನ ದೇಗುಲ. ತುಂಗಭದ್ರೆಯ ದಂಡೆಯ ಹಂಪೆಯಲ್ಲಿ ದಂಡನಾಯಕ ಇರುಗಪ್ಪ 1385ರಲ್ಲಿ ಕಟ್ಟಿಸಿದ ಕುಂಥುನಾಥ ಚೈತ್ಯಾಲಯ, ಅಂದರೆ ಈಗಿನ ಗಾಣಗಿತ್ತಿ ಗುಡಿ. ಇಷ್ಟಾಗುವಷ್ಟರಲ್ಲಿ ಎಲ್ಲರೂ ದಣಿದಿರುತ್ತಾರೆ. ಕೊನೆಯ ದಿನ ಕೊಪ್ಪಳದ ಕಡೆಯಿಂದ ಬರುವಾಗ ಲಕ್ಕುಂಡಿಯಲ್ಲಿ ಇಳಿದು ಹತ್ತಿ, ಗದಗದಲ್ಲಿ ಊಟ ಮುಗಿಸಿ ಊರಿಗೆ ಹೊರಟುಬಿಡುವವರೇ ಹೆಚ್ಚು. ಹೀಗೆ ಕೈಬಿಟ್ಟುಹೋಗುವ ಊರು ಲಕ್ಷ್ಮೇಶ್ವರ.

ಕೈಬಿಡಬಾರದ ಊರೂ ಅದೇ. 9ನೇ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಎಂದು ತೋರಿಸಲು ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲ್ ಎಂದರೆ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ. ಎರಡು ಊರು ನೋಡಿಬಂದ ಯಾತ್ರಿಕರು ಮೂರನೆಯದರ ಸಮೀಪಕ್ಕೆ ಬಂದು ಹಿಂತಿರುಗುತ್ತಾರೆ! ಆದಿಕವಿ ಪಂಪ ತಾನು ಬರೆದದ್ದು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡ. ಇಲ್ಲಿನ ಶಂಖ ಬಸದಿಯಲ್ಲೇ ಕುಳಿತು ಬರೆದನೆಂಬುದು ಪರಂಪರೆಯ ನಂಬಿಕೆ.

ಶಂಖವು ನೇಮಿನಾಥ ತೀರ್ಥಂಕರರ ಲಾಂಛನ. ಬಸದಿಯ ಹೆಸರಿಗೆ ಅದೇ ಕಾರಣವೆನ್ನುತ್ತಾರೆ. ಬಾದಾಮಿ ಚಾಲುಕ್ಯ ಅರಸರು ಈ ಜಿನಾಲಯಕ್ಕೆ ದತ್ತಿ ಬಿಟ್ಟರೆಂದು ಇಲ್ಲಿಯ ಶಾಸನಗಳು ಹೇಳುತ್ತವೆ. ಕಲ್ಲಿನ ಮೇಲಿನ ಲಿಪಿ ಮಾತ್ರ ಆ ಅರಸರ ಕಾಲಕ್ಕಿಂತ ಈಚಿನದು. ಹಳೆಯ ದಾನಗಳನ್ನು ಮುಂದೆ ಮತ್ತೆ ಕಲ್ಲಿಗೆ ಬರೆಸಿದ್ದಿರಬೇಕು. ಒಳಗೆ ಸಹಸ್ರಕೂಟ ಜಿನಬಿಂಬವಿದೆ. ಒಂದೇ ಕಲ್ಲಿನಲ್ಲಿ ಸಾಲುಸಾಲಾಗಿ ಪುಟ್ಟ ಪುಟ್ಟ ಜಿನಮೂರ್ತಿಗಳು. ಮಕ್ಕಳು ಎಣಿಸಲು ಶುರುಮಾಡಿದರೆ ಬೇಗ ಎಬ್ಬಿಸುವುದು ಕಷ್ಟ, ಎಬ್ಬಿಸದಿರುವುದೇ ಒಳಿತು. ಊರಲ್ಲಿ ಅನಂತನಾಥ ಬಸದಿಯೂ ಇದೆ.

ಲಕ್ಕುಂಡಿಗೆ ಬೆಳಗಿನ ತಂಪಿನಲ್ಲೇ ತಲುಪಬೇಕು. ಬಿಸಿಲೇರಿದ ಮೇಲೆ ಬರಿಗಾಲಲ್ಲಿ ಕಲ್ಲಿನ ಮೇಲೆ ನಿಲ್ಲಲಾಗದು. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಶಾಸನ 1007ರದು. ನಾಲ್ಕು ಮುಖದ ಬ್ರಹ್ಮ, ಪದ್ಮಾವತಿಯ ವಿಗ್ರಹಗಳನ್ನು ನೋಡದೆ ಬರಬಾರದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಸಿ ಹಂಚಿದ ತಾಯಿ ಈಕೆ, ರನ್ನನಿಂದ ‘ಅಜಿತಪುರಾಣ’ ಬರೆಸಿದವಳೂ ಈಕೆಯೇ. ಸಾವಿರ ಪ್ರತಿ ಎಂದರೆ ಅಚ್ಚಿನ ಯಂತ್ರವಿಲ್ಲದ ದಿನಗಳಲ್ಲಿ ಸಾವಿರ ಸಲ ಕೈಯಿಂದ ಬರೆಯಿಸಬೇಕು. ಇದನ್ನು ಬಸ್ಸಿನಲ್ಲೇ ಮಕ್ಕಳಿಗೆ ಹೇಳಿಟ್ಟರೆ ಗುಡಿ ಬೇರೆಯಾಗಿ ಕಾಣುತ್ತದೆ.

ಗದಗ-ಬೆಟಗೇರಿ ದಾಟಿ ಲಕ್ಷ್ಮೇಶ್ವರದ ಕಡೆಗೆ ಹೊರಟರೆ ನಡುವೆ ಮುಳಗುಂದ. ಚಿಕಾರ್ಯನೆಂಬ ವೈಶ್ಯ ಇಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಶಕ 824ರ, ಅಂದರೆ 902–03ರ ಶಾಸನ ತಿಳಿಸುತ್ತದೆ. ‘ಧರ್ಮಾಮೃತ’ ಬರೆದ ನಯಸೇನನ ಊರೂ ಇದೇ. ಅರ್ಧ ಗಂಟೆ ಸಾಕು.

ಸಂಜೆಯ ಊಟದ ಲೆಕ್ಕವನ್ನು ಮೊದಲೇ ಹಾಕಬೇಕು. ಮೇ ತಿಂಗಳಲ್ಲಿ ಈ ಕಡೆ ಏಳಕ್ಕೆ ಸ್ವಲ್ಪ ಮುಂಚೆ ಸೂರ್ಯಾಸ್ತ. ಕಾಯಿಸಿ ಆರಿಸಿದ ನೀರು, ಬುತ್ತಿ ಜೊತೆಗಿದ್ದರೆ ಹೊತ್ತು ಮುಳುಗುವ ಮುಂಚೆ ಲಕ್ಷ್ಮೇಶ್ವರದಲ್ಲೇ ಊಟ ಮುಗಿಸಬಹುದು. ಬಸದಿಗೆ ಸಂಬಂಧಿಸಿದವರಿಗೆ ಮುಂಚಿತವಾಗಿ ತಿಳಿಸಿದರೆ ಬಾಗಿಲ ಮುಂದೆ ಕಾಯುವುದು ತಪ್ಪುತ್ತದೆ.

ರೈಲಿಗೆ ಹೋಗುವವರು ಗದಗಕ್ಕೆ ಮರಳಬೇಕು. ಹೂವಿನಹಡಗಲಿ ಕಡೆಯವರು ಶಿರಹಟ್ಟಿ, ಮುಂಡರಗಿ ಮೂಲಕ ಸಾಗಿದರೆ ಕೊರ್ಲಹಳ್ಳಿ ಸೇತುವೆಯ ಮೇಲೆ ತುಂಗಭದ್ರೆ ಇನ್ನೊಮ್ಮೆ ಸಿಗುತ್ತಾಳೆ.